ಪೂಜೆಗಿಟ್ಟ ಪೆಟ್ಟಿಗೆ

ಹೊಟ್ಟೆಕಿಚ್ಚು ಪಡುವುದರಲ್ಲಿ ನನ್ನ ಕೈ ಮೊದಲಿನಿಂದಲೂ ಪಳಗಿದೆ. ಕೊರಟಗೆರೆಯಲ್ಲಿ ಹೈಸ್ಕೂಲಿಗೆ ಹೋಗುವಾಗ ಪಕ್ಕದ ಬೆಂಚಿನವಳ ಜಾಮೆಟ್ರಿ ಬಾಕ್ಸಿನ ಮೇಲೆ, ಮದುವೆಯಾದ ಮೇಲೆ ಓರಗಿತ್ತಿಯ ಅಡುಗೆಮನೆಗಿದ್ದ ದೊಡ್ಡ ಕಿಟಕಿಯ ಮೇಲೆ, ಶಿರಾದ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುವಾಗ ಬೆಳಗಿನ ಮೊದಲ ಪೀರಿಯಡ್ ಇಲ್ಲದ ಅದೃಷ್ಟವಂತರ ಮೇಲೆ. ಅವೆಲ್ಲ ಸಣ್ಣಪುಟ್ಟ ಕಿಚ್ಚುಗಳು. ನಾಲ್ಕು ದಿನ ಉರಿದು ತಾವೇ ಆರುತ್ತಿದ್ದವು. ನಲವತ್ತು ದಾಟಿದ ಮೇಲೆ ಒಬ್ಬ ಹುಡುಗಿಯ ಮೇಲೆ ಹುಟ್ಟಿದ್ದು ಮಾತ್ರ ಹಾಗೆ ಆರಲಿಲ್ಲ.

ಯಾಕೆ ಅಷ್ಟು ಉರಿದೆ ಎನ್ನುವುದು ತಿಳಿಯಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಪಾವಗಡದ ಆಚೆ ಈಗ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳು. ಮೋಡ ಬಂದರೆ ಕರೆಂಟು ಇಳಿಯುತ್ತದೆ, ಸರಿದರೆ ಏರುತ್ತದೆ. ಈ ಏರಿಳಿತವನ್ನು ಮನುಷ್ಯರು ಫೋನು ಹಿಡಿದುಕೊಂಡು ಸರಿದೂಗಿಸಲಾಗದು. ಈ ಕಡೆಯ ಕಂಪ್ಯೂಟರು ಆ ಕಡೆಯದಕ್ಕೆ ಇಷ್ಟು ಇಳಿಸು, ಇಷ್ಟು ಏರಿಸು ಎಂದು ಹಗಲೆಲ್ಲ ಆದೇಶ ಕಳಿಸುತ್ತಿರಬೇಕು. ಸ್ಮಾರ್ಟ್ ಗ್ರಿಡ್ ಎಂದು ದೊಡ್ಡದಾಗಿ ಕರೆಯುವುದು ಇದನ್ನೇ. ಆದರೆ ಈ ಮಾತುಕತೆಯ ನಡುವೆ ಕಳ್ಳನೊಬ್ಬ ತನ್ನದೊಂದು ಸುಳ್ಳು ಆದೇಶ ತೂರಿಸಿಬಿಟ್ಟರೆ? ಅವನು ಕಂಬ ಹತ್ತಬೇಕಿಲ್ಲ, ತಂತಿ ಕತ್ತರಿಸಬೇಕಿಲ್ಲ. ಎಲ್ಲೋ ಫ್ಯಾನಿನ ಕೆಳಗೆ ಕೂತು ಇಡೀ ತಾಲ್ಲೂಕಿನ ದೀಪ ಆರಿಸಬಹುದು. ಆದ್ದರಿಂದ ಪ್ರತಿಯೊಂದು ಆದೇಶಕ್ಕೂ ಒಂದು ಗುಟ್ಟಿನ ಕೀಲಿ ಬೇಕು. ಒಮ್ಮೆ ಬಳಸಿದ ಕೀಲಿಯನ್ನು ಮತ್ತೆ ಬಳಸಬಾರದು.

ಆ ಕೀಲಿಗಳನ್ನು ಬೆಳಕಿನ ಅತಿ ಸಣ್ಣ ಕಣಗಳಲ್ಲಿ ಕಳಿಸುವುದು ಕ್ವಾಂಟಂ ವಿಧಾನ. ಕಾಯಿಸಿ ಆರಲು ಬಿಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಯಾರಾದರೂ ಬೆರಳಿಟ್ಟು ನೋಡಿದರೆ ಕೆನೆ ಹರಿದು ಗುರುತು ಉಳಿಯುತ್ತದೆ. ಇದೂ ಹಾಗೆಯೇ. ದಾರಿಯಲ್ಲಿ ಯಾರಾದರೂ ಇಣುಕಿದರೆ ಬೆಳಕು ಕೆಡುತ್ತದೆ, ಕೆಟ್ಟದ್ದು ಎರಡೂ ತುದಿಗೆ ಗೊತ್ತಾಗುತ್ತದೆ, ಆ ಕೀಲಿಯನ್ನು ಎಸೆದು ಹೊಸದು ಮಾಡಿಕೊಳ್ಳುತ್ತಾರೆ. ಪ್ರಯೋಗಶಾಲೆಯ ಮೇಜಿನ ಮೇಲೆ ಇದನ್ನು ಬೇಕಾದಷ್ಟು ಜನ ಮಾಡಿದ್ದಾರೆ. ನಾನು ಮಾಡಿ ತೋರಿಸಬೇಕಾಗಿದ್ದದ್ದು ನಮ್ಮ ಬಯಲಿನ ಬಿಸಿಲು ಗಾಳಿಯಲ್ಲಿ. ಕಳಿಸುವ ಪೆಟ್ಟಿಗೆ ಪಾವಗಡದಾಚೆಯ ಸೋಲಾರ್ ಸ್ಟೇಷನ್ನಿನಲ್ಲಿ, ಪಡೆಯುವ ಪೆಟ್ಟಿಗೆ ಮಧುಗಿರಿಯ ಹತ್ತಿರದ ವಿದ್ಯುತ್ ಸ್ಟೇಷನ್ನಿನಲ್ಲಿ. ನಡುವೆ ಗೋಪುರದಿಂದ ಗೋಪುರಕ್ಕೆ ಹಾದುಹೋಗುವ ಎತ್ತರದ ತಂತಿ, ಅದರ ಹೊಟ್ಟೆಯೊಳಗೆ ಗಾಜಿನ ಎಳೆ. ನಾವು ಕಳಿಸುತ್ತಿದ್ದದ್ದು ಬರೀ ಪರೀಕ್ಷೆಯ ಆದೇಶಗಳು, ನಿಜವಾದ ಕರೆಂಟಿಗೂ ನಮಗೂ ಸಂಬಂಧವಿರಲಿಲ್ಲ. ಆದರೂ ಮನೆಯಲ್ಲಿ ಕರೆಂಟು ಹೋದರೆ ಪಕ್ಕದ ಮನೆಯವರು ನನ್ನನ್ನೇ ಕೇಳುತ್ತಿದ್ದರು.

ಕಾಲೇಜಿನ ಕೆಲಸಕ್ಕೆ ರಜೆ ಹಾಕಿ ಮಧುಗಿರಿಯಲ್ಲಿ ಮನೆ ಮಾಡಿದ್ದೆ. ಪಿಎಚ್‌ಡಿಗೆ ಹೆಸರು ನೋಂದಾಯಿಸಿದ ಅವಧಿ ಮುಗಿಯುತ್ತ ಬಂದಿತ್ತು. ಕೊನೆಯ ವಿಸ್ತರಣೆಯೂ ಸಿಕ್ಕಾಗಿತ್ತು. ಗೈಡ್ ಸ್ಪಷ್ಟವಾಗಿ ಹೇಳಿದ್ದರು: ಒಂದು ತಿಂಗಳು ಪೂರ್ತಿ ಎರಡೂ ಪೆಟ್ಟಿಗೆ ನಿಲ್ಲದೆ ಓಡಿ ಪ್ರಬಂಧ ಪ್ರಕಟವಾಗಬೇಕು, ಅದರಲ್ಲಿ ಮೊದಲನೆಯ ಹೆಸರು ನಿಮ್ಮದಿರಬೇಕು, ಆಗ ಮಾತ್ರ ಥೀಸಿಸ್ ಸಲ್ಲಿಸಬಹುದು. ಎರಡನೆಯ ಹೆಸರಾದರೆ ನಾನು ಇಷ್ಟು ವರ್ಷ ಮಣ್ಣು ಹೊತ್ತಂತೆ. ಆ ಮೊದಲನೆಯ ಜಾಗ ನನ್ನದೇ ಎಂದು ನನಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ಪೆಟ್ಟಿಗೆಗೊಂದು ರೋಗವಿತ್ತು. ಬೆಳಿಗ್ಗೆ ಹಸಿರು ದೀಪ, ಮಧ್ಯಾಹ್ನ ಊಟದ ಹೊತ್ತಿಗೆ ಕೆಂಪು. ತಪ್ಪುಗಳು ಏರಿ ಏರಿ, ಯಾರೋ ದಾರಿಯಲ್ಲಿ ಇಣುಕುತ್ತಿದ್ದಾರೆ ಎಂದು ಪೆಟ್ಟಿಗೆ ಹೆದರಿ ಕೆಲಸ ನಿಲ್ಲಿಸುತ್ತಿತ್ತು. ಕಳ್ಳನಂತೂ ಇರಲಿಲ್ಲ. ಪೆಟ್ಟಿಗೆ ಬಿಸಿಯಾಗುತ್ತದೆಂದು ಎಸಿ ಹಾಕಿಸಿದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ, ಜೋಡಣೆಯ ತುದಿಗಳನ್ನು ಮತ್ತೆ ಮತ್ತೆ ಒರೆಸಿದೆ. ಗಾಳಿಗೆ ತಂತಿ ಓಲಾಡುವುದರಿಂದ ಹೀಗಾಗುತ್ತಿರಬಹುದು ಎಂಬ ಅನುಮಾನ ನನಗೂ ಇತ್ತು. ಆದರೆ ಅನುಮಾನಕ್ಕೆ ಯಾರೂ ಪದವಿ ಕೊಡುವುದಿಲ್ಲ.

ಆಗ ಬಂದಳು ಆ ಹುಡುಗಿ. ಪಾವಗಡದ ಪಕ್ಕದ ಹಳ್ಳಿಯವಳು, ಎಂಟೆಕ್ ಮುಗಿಸಿ ಆಗಷ್ಟೇ ಸಂಶೋಧನೆಗೆ ಸೇರಿದ್ದಳು. ಆ ತುದಿಯ ಪೆಟ್ಟಿಗೆ ನೋಡಿಕೊಳ್ಳಲು ಒಬ್ಬರು ಬೇಕೆಂದು ನಾನೇ ಗೈಡ್ ಹತ್ತಿರ ಗೋಗರೆದಿದ್ದೆ. ನನ್ನನ್ನು ಮೊದಲ ಸಲ ನೋಡಲು ಬಂದಾಗ ಸ್ಕೂಟಿಯ ಮುಂದೆ ಒಂದು ಚೀಲ ಹಸಿ ಕಡಲೆಕಾಯಿ ಇಟ್ಟುಕೊಂಡು ಬಂದಿದ್ದಳು.

"ಅಕ್ಕಾ, ನಮ್ಮಮ್ಮ ಕೊಟ್ ಕಳ್ಸೈತೆ. ಬೇಸ್ಕೊಂಡ್ ತಿನ್ನಿ. ನಿಮ್ ಬಗ್ಗೆ ಸಾರು ಬಾಳಾ ಹೇಳವ್ರೆ," ಎಂದಳು.

ನನಗೆ ಹಿಡಿಸಿದಳು. ಅದೇ ತೊಂದರೆ. ಕೆಟ್ಟವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಬೈದುಕೊಂಡು ಹಗುರಾಗಬಹುದು. ಇವಳನ್ನು ಬೈಯಲು ಏನೂ ಸಿಗುತ್ತಿರಲಿಲ್ಲ. ಕಡಲೆಕಾಯಿ ಕೂಡ ಒಂದೂ ಜೊಳ್ಳಿರಲಿಲ್ಲ.

ಬಂದ ಕೆಲವೇ ವಾರಗಳಲ್ಲಿ ಒಂದು ಬೆಳಿಗ್ಗೆ ಫೋನು ಮಾಡಿ, "ಅಕ್ಕಾ, ರೋಗ ಪೆಟ್ಟಿಗೇದಲ್ಲ, ತಂತೀದು. ಗಾಳಿಗೆ ಅದು ಓಲಾಡ್ತೈತಲ್ಲ, ಒಳಗಿನ ಬೆಳಕೂ ಅಂಗೇ ವಾಲ್ತೈತೆ. ಎಷ್ಟು ವಾಲ್ತೈತೋ ಅಷ್ಟೂ ತಿರುಗಿಸ್ಕೊಂಡ್ ನೋಡೋ ಹಂಗೆ ಪ್ರೋಗ್ರಾಂ ಬರ್ದೀನಿ. ಹಾಕ್ಲಾ?" ಎಂದಳು. ಹಾಕು ಎಂದೆ. ಹಾಕಿದಳು. ಅಂದು ಊಟದ ಹೊತ್ತಿಗೆ ನನ್ನ ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು. ಮರುದಿನವೂ ಹಸಿರು. ಎಷ್ಟೋ ತಿಂಗಳು ನಾನು ಒದ್ದೆ ಗೋಣಿ ಕಟ್ಟಿದ್ದ ಕಿಟಕಿಯಲ್ಲಿ ಬಿಸಿಗಾಳಿ ಭರ್ರೆಂದು ನುಗ್ಗುತ್ತಿತ್ತು, ದೀಪ ಅಲುಗಲಿಲ್ಲ. ಗೈಡ್ ಫೋನಿನಲ್ಲಿ ಜೋರಾಗಿ ನಕ್ಕರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಖುಷಿಯಾಗಬೇಕಿತ್ತು. ಆಗಲಿಲ್ಲ. ಎದೆಯ ಹತ್ತಿರ ಹಸಿಮೆಣಸಿನಕಾಯಿ ಕಿವುಚಿದಂತಿತ್ತು.

ಗೈಡ್ ಮಾತಿನ ಧಾಟಿ ಅಂದಿನಿಂದ ಬದಲಾಯಿತು. ಮೊದಲನೆಯ ಹೆಸರಿನ ಬಗ್ಗೆ ಕೇಳಿದರೆ, "ತಿಂಗಳ ಓಟ ಮುಗೀಲಿ, ಆಮೇಲೆ ನೋಡೋಣ," ಎನ್ನತೊಡಗಿದರು. ಅವರ ಆ "ನೋಡೋಣ" ನನಗೆ ಅರ್ಥವಾಗುವಷ್ಟು ವಯಸ್ಸಾಗಿತ್ತು.

ನಾನೂ ಸುಮ್ಮನಿದ್ದವಳಲ್ಲ. ನನ್ನದೇ ಆದ ಕೆಲಸವೊಂದಿತ್ತು. ಬಂದ ಕೀಲಿಗಳನ್ನು ಬಂದ ಹಾಗೆ ಖರ್ಚು ಮಾಡದೆ, ಎರಡೂ ತುದಿಯಲ್ಲಿ ಬೇರೆ ಕಂಪ್ಯೂಟರಿನಲ್ಲಿ ತುಂಬಿಡುವ ವ್ಯವಸ್ಥೆ. ಅದನ್ನು ಕಣಜ ಎಂದು ಕರೆದಿದ್ದೆ. ಕೀಲಿ ಬರುವುದು ನಿಂತರೂ ಕಣಜದಿಂದ ತೆಗೆದು ತೆಗೆದು ಆದೇಶಗಳಿಗೆ ಹಂಚಬೇಕು. ನಾವು ಬಯಲುಸೀಮೆಯವರು. ತುಂಬಿಟ್ಟುಕೊಳ್ಳದೆ ನಿದ್ದೆ ಬರುವುದಿಲ್ಲ. ಆದರೆ ಹುಡುಗಿಯ ಪ್ರೋಗ್ರಾಂ ಬಂದ ಮೇಲೆ ಕೀಲಿಗಳು ಹೊಳೆಯಂತೆ ಹರಿಯುತ್ತಿದ್ದವು, ಕಣಜ ಯಾರಿಗೂ ಬೇಡವಾಯಿತು. "ಯಾಕಮ್ಮ ಇಷ್ಟು ದೊಡ್ಡದು, ಜಾಗ ದಂಡ," ಎಂದರು ಗೈಡ್. ಹುಡುಗಿ ನಗುತ್ತ, "ನಮ್ಮಜ್ಜಿ ಸೆರಗಿನ ಗಂಟು ಇದ್ದಂಗೈತೆ ಅಕ್ಕಾ, ತುಂಬ್ತಾನೇ ಇರ್ತೈತೆ, ಬಿಚ್ಚೋದೇ ಇಲ್ಲ," ಎಂದಳು. ನಾನೂ ನಕ್ಕೆ. ಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಇನ್ನೊಂದು ಉರಿ, ಜನರದ್ದು. ಪಾವಗಡದ ಕಡೆಯ ಸ್ಟೇಷನ್ನಿನವರು ಅವಳನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಅವಳಿಗೊಂದು ಕುರ್ಚಿ, ಅವಳಿಗೊಂದು ಟೀ ಲೋಟ. ಅವಳು ತೆಲುಗಿನಲ್ಲಿ ಒಂದು ಮಾತು ಎಸೆದರೆ ಇಡೀ ಕಂಟ್ರೋಲ್ ರೂಮು ನಗುತ್ತಿತ್ತು. ನನಗೆ ತೆಲುಗು ಬಾರದು. ಅರ್ಥವಾಗದ ನಗುವಿನಷ್ಟು ಮೈ ಉರಿಸುವ ವಸ್ತು ಇನ್ನೊಂದಿಲ್ಲ. ಮಧುಗಿರಿಯ ನನ್ನ ಸ್ಟೇಷನ್ನಿನಲ್ಲೋ, ಅಷ್ಟು ಕಾಲವಾದರೂ ನಾನು ಮೂಲೆಯ ಬೆಂಚಿನವಳೇ. ಅಲ್ಲಿದ್ದ ಹಿರಿಯ ಆಪರೇಟರ್ ಕೊಡಿಗೇನಹಳ್ಳಿ ಕಡೆಯವರು, ದಿನವೂ ಬಸ್ಸಿನಲ್ಲಿ ಬರುವವರು. ನನ್ನ ಪೆಟ್ಟಿಗೆಯ ಬಗ್ಗೆ ಅವರು ಕೇಳಿದ್ದೆಲ್ಲ ಒಂದೇ ಪ್ರಶ್ನೆ: "ಇದ್ರಿಂದ ಲೈನಿಗೇನೂ ತೊಂದ್ರೆ ಇಲ್ಲ ತಾನೇ?" ಇಲ್ಲ ಎಂದೆ. ಹಾಗಾದರೆ ಸರಿ ಎಂದರು. ಅಲ್ಲಿಗೆ ನಮ್ಮ ವಿಜ್ಞಾನ ಮುಗಿಯಿತು.

ಅವರ ಸ್ಟೇಷನ್ನಿಗೆ ಆಯುಧ ಪೂಜೆಯ ಒಂದು ಪದ್ಧತಿಯಿತ್ತು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು, ಅದಕ್ಕೂ ವಿಶ್ರಾಂತಿ ಬೇಕು, ಇದು ಎಲ್ಲ ಕಡೆಯೂ ಇರುವುದೇ. ಆದರೆ ವಿದ್ಯುತ್ ಸ್ಟೇಷನ್ನಿಗೆ ವಿಶ್ರಾಂತಿ ಕೊಡುವುದು ಹೇಗೆ? ಟ್ರಾನ್ಸ್‌ಫಾರ್ಮರ್ ಆರಿಸಿ ಕುಂಕುಮ ಇಟ್ಟರೆ ಊರು ಹೊಡೆಯಲು ಬರುತ್ತದೆ. ಅದಕ್ಕೆ ಅವರು ಆರಿಸಲಾಗದ್ದಕ್ಕೆ ದೂರದಿಂದ ಕೈಮುಗಿದು, ತಂತಮ್ಮ ಕೈಯ ಸಾಮಾನುಗಳನ್ನು ದೇವಿಯ ಫೋಟೋದ ಮುಂದೆ ಇಡುತ್ತಿದ್ದರು. ಸ್ಪ್ಯಾನರು, ಟೆಸ್ಟರು, ರಬ್ಬರ್ ಕೈಗವಸು, ಏಣಿ ಕೂಡ. ಯಾರ ಸಾಮಾನೋ ಅವರೇ ಮರುದಿನ ಬೆಳಿಗ್ಗೆ ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ. ಆ ದಿನ ಏನಾದರೂ ಕೆಟ್ಟರೆ ಬೇರೆ ತೆಗೆದಿಟ್ಟ ಒಂದು ಜೊತೆ ಸಾಮಾನಿನಲ್ಲಿ ರಿಪೇರಿ ಮಾಡುತ್ತಿದ್ದರು.

ಹಿಂದಿನ ವರ್ಷ ಪೂಜೆಯ ದಿನ ಹಿರಿಯ ಆಪರೇಟರ್ ಅರಿಸಿನ ಕುಂಕುಮದ ತಟ್ಟೆ ಹಿಡಿದು ನನ್ನ ಪೆಟ್ಟಿಗೆಯ ಹತ್ತಿರ ಬಂದಾಗ ನಾನು ಅಡ್ಡ ನಿಂತಿದ್ದೆ. "ಬೇಡಿ ಅಣ್ಣ, ಪುಡಿ ಒಳಗೆ ಹೋದರೆ ಕೆಡುತ್ತೆ. ಯಾರೂ ಮುಟ್ಟಬೇಡಿ," ಎಂದಿದ್ದೆ. ಅವರು ಸರಿ ಎಂದು ಹಿಂದೆ ಸರಿದಿದ್ದರು. ಆಮೇಲೆ ಎಲ್ಲರ ಕಟಿಂಗ್ ಪ್ಲೇಯರುಗಳೂ ಸೇವಂತಿಗೆ ಮುಡಿದು ಕೂತಿದ್ದವು, ನನ್ನ ಪೆಟ್ಟಿಗೆ ಬೋಳಾಗಿ ನಿಂತಿತ್ತು. ಬೇಡ ಎಂದವಳು ನಾನೇ. ಆದರೂ ಆ ಪ್ಲೇಯರುಗಳನ್ನು ನೋಡಿ ಹೊಟ್ಟೆ ಉರಿಯಿತು. ನನ್ನ ಹೊಟ್ಟೆ ಅಂಥದ್ದು, ಕಬ್ಬಿಣವನ್ನೂ ಬಿಡುವುದಿಲ್ಲ.

ತಿಂಗಳ ಓಟ ಶುರುವಾದದ್ದು ಮಹಾಲಯದ ಹೊತ್ತಿಗೆ. ಹಬ್ಬ ನಡುವೆ ಬರುತ್ತದೆ ಎಂದು ಗೊತ್ತಿತ್ತು, ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಎಲ್ಲ ಸುಸೂತ್ರವಾಗಿ ಸಾಗಿತ್ತು, ಸುಸೂತ್ರವಾದಷ್ಟೂ ಅದು ಹುಡುಗಿಯ ಗೆಲುವು ಎಂಬುದು ನನಗೆ ದಿನದಿನವೂ ಗಟ್ಟಿಯಾಗುತ್ತಿತ್ತು. ಆಯುಧ ಪೂಜೆಯ ಬೆಳಿಗ್ಗೆ ಅವಳು ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ಹಸಿರು ರೇಷ್ಮೆ ಸೀರೆ, ಕತ್ತಿನಲ್ಲಿ ಕನಕಾಂಬರದ ಹಾರ, ಸುತ್ತ ಸ್ಟೇಷನ್ನಿನ ಇಡೀ ಬಳಗ. ಕೆಳಗೆ, "ಬನ್ನಿ ಅಕ್ಕಾ, ಎಲ್ಲಾರೂ ನಿಮ್ಮನ್ನೇ ಕೇಳ್ತಾವ್ರೆ," ಎಂದು ಬರೆದಿದ್ದಳು.

ಕೇಳುತ್ತಿದ್ದಾರಂತೆ! ನಾನು ಅಡುಗೆ ಅರ್ಧಕ್ಕೆ ಬಿಟ್ಟು ಸೀರೆ ಉಟ್ಟೆ. ಹಬ್ಬಕ್ಕೆ ಹೋಗುತ್ತೇನೆ ಎಂದು ಗಂಡನಿಗೆ ಹೇಳಿದೆ, ಆದರೆ ನಾನು ಹೊರಟದ್ದು ನೋಡಲು. ಅವರು ಅವಳನ್ನು ಎಷ್ಟರ ಮಟ್ಟಿಗೆ ಮೆರೆಸುತ್ತಾರೆ ಎಂಬುದನ್ನು ನನ್ನ ಕಣ್ಣಾರೆ ನೋಡಬೇಕಿತ್ತು. ದಾರಿಯಲ್ಲಿ ಸ್ಟೇಷನ್ನಿಗೆ ಇಳಿದು, ಹಿರಿಯ ಆಪರೇಟರಿಗೆ, "ಪಾವಗಡಕ್ಕೆ ಹೋಗಿ ಬರ್ತೀನಿ ಅಣ್ಣ. ಇವತ್ತೊಂದಿನ ನನ್ನ ಪೆಟ್ಟಿಗೆ ನಿಮ್ಮ ಜವಾಬ್ದಾರಿ," ಎಂದೆ.

"ಹೋಗ್ಬುಟ್ ಬನ್ನಿ ಕಣಮ್ಮ. ನಾವ್ ನೋಡ್ಕತೀವಿ," ಎಂದರು. ಅವರ ಹಿಂದೆ ಇನ್ನಿಬ್ಬರು ಬಾಳೆಕಂದು ಕಟ್ಟುತ್ತಿದ್ದರು.

ಬಸ್ಸು ಮಿಡಿಗೇಶಿ ದಾಟುವಾಗ ಕಿಟಕಿಯಾಚೆ ಗೋಪುರಗಳ ಸಾಲು ಜೊತೆಯಲ್ಲೇ ಬರುತ್ತಿತ್ತು. ಆ ತಂತಿಯೊಳಗೆ ನಮ್ಮ ಬೆಳಕು ನನ್ನ ಎದುರು ದಿಕ್ಕಿಗೆ ಓಡುತ್ತಿದೆ ಎಂದುಕೊಂಡೆ. ಪಾವಗಡದಾಚೆಯ ಸ್ಟೇಷನ್ ತಲುಪಿದಾಗ ಪೂಜೆ ಆಗಲೇ ಮುಗಿದಿತ್ತು. ಬೂದಗುಂಬಳಕಾಯಿ ಒಡೆದ ಚೂರುಗಳು ಗೇಟಿನ ಮುಂದೆ ಬಿದ್ದಿದ್ದವು. ಒಳಗೆ ಹುಡುಗಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ್ದರು. ನನ್ನನ್ನು ನೋಡಿದ್ದೇ ಎದ್ದು ಓಡಿಬಂದು ಕೈ ಹಿಡಿದು, "ಇವ್ರೇ ನಮ್ಮಕ್ಕ. ಇದನ್ನೆಲ್ಲಾ ಶುರು ಮಾಡಿದ್ದೇ ಇವ್ರು," ಎಂದಳು. ಅವರು "ಬಾಗುನ್ನಾರಾ ಮೇಡಂ?" ಎಂದು ಕ್ಷೇಮ ವಿಚಾರಿಸಿದರು. ನನಗೂ ಒಂದು ಹಾರ ಬಂತು, ಅವಳಿಗೆ ಹಾಕಿದ್ದಕ್ಕಿಂತ ಸಣ್ಣದು. ನಾನು ಅಳತೆ ನೋಡಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಅವಳ ಪೆಟ್ಟಿಗೆ ಗಾಜಿನ ಕೋಣೆಯಲ್ಲಿ ಬೀಗ ಹಾಕಿಕೊಂಡು ತಣ್ಣಗೆ ಕೂತಿತ್ತು. ಹೊರಗಿನಿಂದ ಎಲ್ಲರೂ ಅದಕ್ಕೆ ಕೈಮುಗಿದಿದ್ದರಂತೆ. ಎಲೆ ಹಾಕಿದರು. ಹೋಳಿಗೆ, ಕೋಸಂಬರಿ, ಚಿತ್ರಾನ್ನ. ಮತ್ತೆ ತೆಲುಗಿನ ನಗು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವಾಗ ನನ್ನ ಫೋನು ಬಡಿದುಕೊಂಡಿತು.

ಗೈಡ್. "ಎಲ್ಲಿದೀರಿ? ನಿಮ್ಮ ತುದಿ ಸತ್ತು ಹೋಗಿದೆ. ಕೀಲಿ ಸೊನ್ನೆ. ಯಾರಾದ್ರೂ ದಾಳಿ ಮಾಡಿದ್ರಾ ಏನು ಕತೆ?"

ಕೈಯಲ್ಲಿ ತುಪ್ಪವಿದ್ದ ಹಾಗೆಯೇ ಮಧುಗಿರಿಗೆ ಫೋನು ಹಚ್ಚಿದೆ. ಹಿರಿಯ ಆಪರೇಟರ್ ಬಹಳ ಸಮಾಧಾನದಲ್ಲಿದ್ದರು.

"ಆಫ್ ಮಾಡಿದೀವಿ ಕಣಮ್ಮ. ಪೂಜೆ ಚೆನ್ನಾಗಾಯ್ತು."

"ಏನು ಆಫ್ ಮಾಡಿದ್ರಿ?"

"ನಿಮ್ದು. ಪೂಜೆಗಿಟ್ಟಿದೀವಿ. ಹಸ್ರು ದೀಪ ಇರಾದೊಂದನ್ನೇ ಆಫ್ ಮಾಡಿರಾದು, ಪಕ್ಕದ ಕಂಪ್ಯೂಟ್ರು ಮುಟ್ಟಿಲ್ಲ. ಪುಡಿ ಒಳೀಕ್ ಹೋಗ್ದಂಗೆ ಮೇಲೊಂದ್ ಬಾಳೆಎಲೆ ಮುಚ್ಚಿ ಕುಂಕ್ಮ ಇಟ್ಟಿದೀವಿ."

"ಅಯ್ಯೋ ಅಣ್ಣ! ಯಾರು ಹೇಳಿದ್ರು ನಿಮಗೆ? ತಿಂಗಳು ಪೂರ್ತಿ ನಿಲ್ಲಬಾರದು ಅಂತಿತ್ತು! ಈಗಲೇ ಆನ್ ಮಾಡಿ!"

"ಓದ್ವರ್ಸ ನೀವಿದ್ರಿ, ಬ್ಯಾಡ ಅಂದ್ರಿ, ಬುಟ್ವಿ. ಈವರ್ಸ ನಮ್ ಜವಾಬ್ದಾರಿ ಅಂದ್ರಲ್ಲ. ಎಲ್ಲಾನೂ ಇಟ್ಬುಟ್ಟು ಅದೊಂದನ್ನ ಹೆಂಗ್ ಬುಡಾದು? ಈಗ ನಾವ್ ಮುಟ್ಟಂಗಿಲ್ಲ ಕಣಮ್ಮ. ನಿಮ್ ಸಾಮಾನು, ನೀವೇ ಬಂದು ಎತ್ಕಬೇಕು."

ನಾನು ಕಿರುಚಿದೆ, ಬೇಡಿಕೊಂಡೆ. ಆಗಲಿಲ್ಲ. ಫೋನಿಟ್ಟಾಗ ಎಲೆಯ ಮುಂದೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ಏನೂ ನಿಂತಿರಲಿಲ್ಲ, ನಿಂತದ್ದು ನನ್ನ ತುದಿ ಮಾತ್ರ. ಊರಿನ ದೀಪಗಳೆಲ್ಲ ಉರಿಯುತ್ತಿರುವಾಗ ಆರಿಸಬಹುದಾದ ಒಂದೇ ಒಂದು ನಿಷ್ಪ್ರಯೋಜಕ ವಸ್ತು ಅವರಿಗೆ ಸಿಕ್ಕಿತ್ತು, ಅದು ನನ್ನದು. ಹುಡುಗಿಯ ಹಾರವನ್ನು ನೋಡಲು ಬಂದು ನಾನು ನನ್ನ ಥೀಸಿಸ್ಸನ್ನು ಬಾಳೆಎಲೆಯ ಕೆಳಗೆ ಬಿಟ್ಟುಬಂದಿದ್ದೆ.

"ಬಸ್ಸಿಗೆ ಕಾಯ್ಬೇಡಿ ಅಕ್ಕಾ, ನಾನ್ ಬಿಡ್ತೀನಿ," ಎಂದು ಹುಡುಗಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕೂಟಿ ತೆಗೆದಿದ್ದಳು.

ಆ ಹಾದಿ ನನಗೆ ಚೆನ್ನಾಗಿ ನೆನಪಿದೆ. ಗಾಳಿ ಎದುರಿನಿಂದ ಬೀಸುತ್ತಿತ್ತು, ಅವಳ ಹಾರದ ಕನಕಾಂಬರಗಳು ಒಂದೊಂದಾಗಿ ಕಿತ್ತು ನನ್ನ ಮುಖಕ್ಕೆ ಬಡಿಯುತ್ತಿದ್ದವು. ಅವಳು ಕೂಗಿ ಹೇಳುತ್ತಿದ್ದಳು, "ಏಂ ಕಾದಕ್ಕಾ, ಏನೂ ಆಗಲ್ಲ! ಇನ್ನೊಂದ್ ತಿಂಗ್ಳು ಓಡ್ಸೋಣ, ಅದಕ್ಕೇನು!"

"ನಿನಗೇನು, ನಿನಗೆ ವರ್ಷಗಟ್ಟಲೆ ಇದೆ! ನನಗೆ ಇನ್ನೊಂದು ತಿಂಗಳಿಲ್ಲ!" ಎಂದು ನಾನೂ ಕೂಗಿದೆ. "ಓಡಿಸೋ ಪ್ರೋಗ್ರಾಂ ನಿಂದು, ಓಟ ನಿಂದು, ಹಾರ ನಿಂದು. ನಿಲ್ಲಿಸಿದ್ದು ಮಾತ್ರ ನಂದು!"

ಅವಳು ಮಿಡಿಗೇಶಿಯ ಹತ್ತಿರ ಸ್ಕೂಟಿ ನಿಲ್ಲಿಸಿ ಬಾಟಲಿಯ ನೀರು ಕೊಟ್ಟಳು. ನನ್ನ ಮುಖಕ್ಕೆ ಅಂಟಿದ್ದ ಹೂವನ್ನು ತೆಗೆದು, "ಕುಡೀರಿ ಅಕ್ಕಾ," ಎಂದಳು. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಾಯಾಗುತ್ತಿತ್ತು.

ಮಧುಗಿರಿಯ ಸ್ಟೇಷನ್ ಸೇರಿದಾಗ ಬಿಸಿಲು ಬೆಟ್ಟದ ಹಿಂದೆ ಇಳಿಯುತ್ತಿತ್ತು. ಹಿರಿಯ ಆಪರೇಟರ್ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ದಾರಿ ಬಿಟ್ಟರು. ಪೆಟ್ಟಿಗೆಯನ್ನು ಎತ್ತಿ ತಂದಿರಲಿಲ್ಲ, ಅದರ ಜಾಗದಲ್ಲೇ ಇತ್ತು. ಬದಲಿಗೆ ದೇವಿಯ ಫೋಟೋವನ್ನೇ ಅಲ್ಲಿಗೆ ತಂದು, ಉಳಿದ ಸಾಮಾನುಗಳನ್ನೆಲ್ಲ ಅದರ ಸುತ್ತ ಜೋಡಿಸಿದ್ದರು. ಎಡಕ್ಕೆ ಏಣಿ, ಬಲಕ್ಕೆ ಸ್ಪ್ಯಾನರುಗಳು, ನಡುವೆ ನನ್ನ ಪೆಟ್ಟಿಗೆ, ಮೇಲೆ ಬಾಳೆಎಲೆ, ಎಲೆಯ ಮೇಲೆ ಕುಂಕುಮ, ಒಂದು ಹಿಡಿ ಸೇವಂತಿಗೆ, ಒಂದು ನಿಂಬೆಹಣ್ಣು. ಪೂಜೆ ಮಾಡಿದ್ದು ಚೆನ್ನಾಗಿಯೇ ಇತ್ತು. ನನಗೆ ಅದನ್ನು ನೋಡುವ ಕಣ್ಣಿರಲಿಲ್ಲ. ಎಲೆ ಸರಿಸಿ ಸ್ವಿಚ್ಚು ಒತ್ತಿದೆ. ಪೆಟ್ಟಿಗೆ ಗುರುಗುಟ್ಟಿ, ಕೆಂಪಾಗಿ, ಬಹಳ ಹೊತ್ತು ಯೋಚಿಸಿ, ಕೊನೆಗೆ ಹಸಿರಾಯಿತು.

ಹುಡುಗಿ ಪಕ್ಕದ ಕಂಪ್ಯೂಟರಿನಲ್ಲಿ ದಿನದ ಆದೇಶಗಳನ್ನು ಮೇಲಿನಿಂದ ಕೆಳಕ್ಕೆ ಓಡಿಸುತ್ತಿದ್ದವಳು ನಿಂತಳು. "ಅಕ್ಕಾ, ಇಲ್ಲಿ ನೋಡಿ. ಒಂದು ಆದೇಶಾನೂ ನಿಂತಿಲ್ಲ."

ನಾನು ಬಗ್ಗಿ ನೋಡಿದೆ. ಪೆಟ್ಟಿಗೆ ಆರಿದ ಕ್ಷಣದಿಂದ ನನ್ನ ಕಣಜ ತಾನೇ ಬಾಯಿ ತೆರೆದಿತ್ತು. ಮಧ್ಯಾಹ್ನವಿಡೀ ತುಂಬಿಟ್ಟ ಕೀಲಿಗಳನ್ನು ಒಂದೊಂದಾಗಿ ತೆಗೆದುಕೊಟ್ಟು, ಇಳಿಸು ಏರಿಸು ಎಂಬ ಪ್ರತಿಯೊಂದು ಮಾತನ್ನೂ ಗುಟ್ಟಾಗಿಯೇ ದಾಟಿಸಿತ್ತು. ಇನ್ನೂ ಬೇಕಾದಷ್ಟು ಉಳಿದಿತ್ತು.

ಗೈಡಿಗೆ ಫೋನು ಮಾಡಿದ್ದು ಹುಡುಗಿಯೇ. ಸ್ಪೀಕರಿನಲ್ಲಿ ಅವರ ದನಿ ಏರಿತು. "ಅಲ್ರೀ, ಹಗಲು ಹೊತ್ತಿನಲ್ಲಿ ಬೇಕಂತಲೇ ಪೆಟ್ಟಿಗೆ ಆರಿಸಿ ನೋಡೋ ಧೈರ್ಯ ನಾನಂತೂ ಮಾಡ್ತಿರಲಿಲ್ಲ. ಓಟ ನಿಲ್ಲದೇ ಇದ್ದದ್ದಕ್ಕಿಂತ ನಿಂತಾಗ ಏನಾಯ್ತು ಅನ್ನೋದೇ ದೊಡ್ಡದಲ್ವಾ? ಪ್ರಬಂಧವನ್ನ ಕಣಜದ ಮೇಲೇ ಬರೀರಿ. ಮೊದಲನೇ ಹೆಸರು ನಿಮ್ಮದೇ," ಎಂದರು.

ನಾನು ಹುಡುಗಿಯ ಮುಖ ನೋಡಿದೆ. ಇಷ್ಟು ದಿನ ನಾನು ಉರಿದಂತೆ ಅವಳೂ ಒಮ್ಮೆ ಉರಿಯಲಿ, ಕಣ್ಣಿನ ಮೂಲೆಯಲ್ಲಾದರೂ ಒಂದು ಕಿಡಿ ಕಾಣಲಿ ಎಂದು ಕಾದೆ. ಅವಳು ಚಪ್ಪಾಳೆ ತಟ್ಟಿ, "ನೋಡಿದ್ರಾ, ಅಜ್ಜಿ ಗಂಟು ಬಿಚ್ತು!" ಎಂದು ನಕ್ಕಳು. ಬರೀ ಸಂತೋಷ. ನನಗೆ ಬೇಕಾದ್ದು ಕೈಗೆ ಬಂದಿತ್ತು, ಆದರೂ ಒಳಗೆ ಉರಿಯುತ್ತಲೇ ಇತ್ತು. ಅವಳ ಹತ್ತಿರ ಪ್ರೋಗ್ರಾಂ ಇತ್ತು, ವಯಸ್ಸಿತ್ತು, ತೆಲುಗಿತ್ತು, ಅದರ ಮೇಲೆ ಈ ಗುಣ ಬೇರೆ.

ಹಿರಿಯ ಆಪರೇಟರ್ ಎರಡು ದೊನ್ನೆಯಲ್ಲಿ ಕಡಲೆಕಾಳಿನ ಉಸುಲಿ ತಂದುಕೊಟ್ಟರು. ನಾನು ತಲೆ ಎತ್ತದೆ ಇಸಿದುಕೊಂಡೆ. ಅವರು ಹೋದ ಮೇಲೆ ನೋಡಿದರೆ ಹುಡುಗಿ ಉಸುಲಿ ತಿನ್ನದೆ ದೊನ್ನೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತಿದ್ದಳು. ಬಾಳೆಎಲೆಯ ತುದಿ ಮುಟ್ಟಿದಳು. ಏಣಿಯನ್ನು, ಸ್ಪ್ಯಾನರುಗಳನ್ನು ಒಂದೊಂದಾಗಿ ನೋಡಿದಳು. ಅವಳ ಮುಖದ ನಗು ಇಳಿದಿತ್ತು.

"ನಮ್ಮೋರು ನಂಗೆ ಹಾರ ಹಾಕ್ತಾರೆ ಅಕ್ಕಾ. ಕುರ್ಚಿ ಕೊಡ್ತಾರೆ. ಮನೆಗ್ ಬಂದ ನೆಂಟ್ರಿಗೆ ಮಾಡ್ದಂಗೆ," ಎಂದಳು. "ನನ್ ಪೆಟ್ಟಿಗೇನ ಗಾಜಿಂದಾಚೆಯಿಂದ ನೋಡಿ ಕೈಮುಗಿದ್ರು, ಅಷ್ಟೇ. ಒಬ್ರೂ ಅವ್ರ ಸ್ಪ್ಯಾನರ್ ಪಕ್ಕ ಇಡ್ಲಿಲ್ಲ. ಇವ್ರು ನಿಮ್ದನ್ನ ತಮ್ ಸಾಮಾನಲ್ಲೊಂದು ಅಂದ್ಕೊಂಡವ್ರೆ. ಅದೂ ದಣೀತೈತೆ ಅಂದ್ಕೊಂಡವ್ರೆ."

ಆಗ ನಾನು ನೋಡಿದೆ, ಎಲೆಯನ್ನು, ಕುಂಕುಮವನ್ನು, ನನ್ನ ಪೆಟ್ಟಿಗೆಗೆ ಒರಗಿಸಿಟ್ಟ ಆ ಹಳೆಯ ಏಣಿಯನ್ನು. ಅದೊಂದನ್ನ ಹೆಂಗ್ ಬುಡಾದು, ಎಂದು ಅವರು ಫೋನಿನಲ್ಲಿ ಹೇಳಿದ್ದರು. ನಾನು ಅದಕ್ಕೆ ಕಿರುಚಿದ್ದೆ.

"ನಂಗ್ ಹೊಟ್ಟೆ ಉರೀತೈತೆ ಅಕ್ಕಾ," ಎಂದಳು ಹುಡುಗಿ, ನನ್ನ ಕಡೆ ತಿರುಗದೆ. ತಮಾಷೆಗೆ ಹೇಳಿದ್ದಲ್ಲ. ಅವಳ ಕಿವಿಗಳು ಕೆಂಪಾಗಿದ್ದವು, ಅದು ಎಂಥ ಕೆಂಪೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಎಷ್ಟೋ ತಿಂಗಳ ನಂತರ ಮೊದಲ ಬಾರಿಗೆ ನನಗೆ ಚೆನ್ನಾಗಿ ಹಸಿವಾಗಿತ್ತು. ಬೆಂಚಿನ ಮೇಲೆ ಕೂತು ನನ್ನ ದೊನ್ನೆಯ ಉಸುಲಿ ಮುಗಿಸಿದೆ. ಆಮೇಲೆ ಅವಳದ್ದನ್ನೂ ಇಸಿದುಕೊಂಡು ತಿಂದೆ.